ಟಿವಿಯೊಳಗ ಎಲ್ಲಾರಿಗೂ ಕಂಡಿದ್ದು ರೆಫರಿಗೆ ಯಾಕ ಕಾಣಲಿಲ್ಲ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ವಾರ ಧಾರವಾಡದ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು ಹಾಗೂ ರಗ್ಬಿ ರೆಫರಿ

2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದ ಮೇಲೆ ನಮ್ಮ ಕಡೆಯೂ ಈ ಆಟ ನೋಡುವವರು ಹೆಚ್ಚಿದ್ದಾರೆ. ನನಗೆ ಅದು ದೊಡ್ಡ ಸಂತೋಷ. ಆದರೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಅದೂ ಒಂದೇ ಸಿಟ್ಟಿನಲ್ಲಿ: ಟಿವಿ ಇದ್ದೂ ತಪ್ಪು ಹೇಗೆ ಆಗುತ್ತದೆ, ಟಿಎಂಒ ಏನು ಮಾಡುತ್ತಿರುತ್ತಾನೆ, ಇದರಲ್ಲಿ ಮೋಸ ಇದೆಯೇ? ಟಿಎಂಒ ಎಂದರೆ ಮೈದಾನದ ಹೊರಗೆ ಪರದೆಗಳ ಮುಂದೆ ಕೂತು ರೆಫರಿಯ ಕಿವಿಗೆ ಮಾತಾಡುವ ಅಧಿಕಾರಿ. ಟ್ರೈ ಎಂದರೆ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು, ಸ್ಕ್ರಮ್ ಎಂದರೆ ಎರಡೂ ತಂಡದವರು ತಲೆ ತಗ್ಗಿಸಿ ತಳ್ಳಾಡಿ ಆಟ ಮತ್ತೆ ಶುರು ಮಾಡುವುದು. ಇದಕ್ಕಿಂತ ಹೆಚ್ಚಿಗೆ ನಾನಿಲ್ಲಿ ವಿವರಿಸುವುದಿಲ್ಲ. ರೆಫರಿಯನ್ನು ಬೈಯುವಷ್ಟು ಆಟ ನೋಡಿದವರಿಗೆ ಉಳಿದದ್ದು ಗೊತ್ತಿರಲೇಬೇಕು.

ಪ್ರಶ್ನೆ: ಸರ್, 2024ರ ಸಿಕ್ಸ್ ನೇಷನ್ಸ್‌ನಾಗ (ಯುರೋಪಿನ ಆರು ದೇಶಗಳ ರಗ್ಬಿ ಸ್ಪರ್ಧೆ) ಸ್ಕಾಟ್ಲೆಂಡ್ ಮತ್ತ ಫ್ರಾನ್ಸ್ ಆಡಿದ ಮ್ಯಾಚಿನ ಕೊನೀ ನಿಮಿಷದ ವಿಡಿಯೊ ಎಷ್ಟ ಸಲ ನೋಡೇನೋ ಲೆಕ್ಕಿಲ್ಲ. ಚೆಂಡು ನೆಲಕ್ಕ ಹತ್ತಿದ್ದು ಸಣ್ಣ ಹುಡುಗರಿಗೂ ಕಾಣತದ. ಆದ್ರೂ ಟ್ರೈ ಕೊಡಲಿಲ್ಲ. ಇದು ಫಿಕ್ಸಿಂಗ್ ಅಲ್ದ ಮತ್ತೇನ್ರೀ? (ಸಪ್ತಾಪುರ, ಧಾರವಾಡ)

ಫಿಕ್ಸಿಂಗ್ ಅಲ್ಲ. ಆ ಮಾತನ್ನು ಮೊದಲು ಬಾಯಿಂದ ತೆಗೆಯಿರಿ, ಆಮೇಲೆ ಮಾತಾಡೋಣ.

ಆ ದಿನ ನಡೆದದ್ದು ಇಷ್ಟು. ಫೆಬ್ರವರಿ 10, ಎಡಿನ್‌ಬರೋದ ಮರ್ರೆಫೀಲ್ಡ್ ಮೈದಾನ. ಫ್ರಾನ್ಸ್ 20, ಸ್ಕಾಟ್ಲೆಂಡ್ 16. ಗಡಿಯಾರ ಮುಗಿದಿದೆ. ಒಂದು ಟ್ರೈ ಬಂದರೆ ಐದು ಅಂಕ, ಪಂದ್ಯ ಸ್ಕಾಟ್ಲೆಂಡಿಗೆ. ಸ್ಯಾಮ್ ಸ್ಕಿನ್ನರ್ ಚೆಂಡು ಹಿಡಿದು ಗೋಲು ಗೆರೆ ದಾಟಿ ಬಿದ್ದ, ಮೇಲೆ ಕೆಳಗೆ ಎಲ್ಲ ಮೈಗಳೇ. ರೆಫರಿ ನಿಕ್ ಬೆರ್ರಿ ತನ್ನ ತೀರ್ಪನ್ನು ಮೊದಲೇ ಹೇಳಿಬಿಟ್ಟರು: ಚೆಂಡು ನೆಲ ಮುಟ್ಟದಂತೆ ಎದುರಾಳಿಗಳು ಎತ್ತಿ ಹಿಡಿದಿದ್ದಾರೆ, ಟ್ರೈ ಇಲ್ಲ. ಆಮೇಲೆ ಟಿಎಂಒ ಬ್ರಯಾನ್ ಮ್ಯಾಕ್‌ನೀಸ್ ಪರದೆ ನೋಡಿದರು. ಚೆಂಡು ಮೊದಲು ಒಬ್ಬ ಫ್ರೆಂಚ್ ಆಟಗಾರನ ಬೂಟಿನ ಮೇಲಿತ್ತು, ಆಮೇಲೆ ಕೆಳಗೆ ಜಾರಿದಂತಿತ್ತು. ನೆಲ ಮುಟ್ಟಿತು ಎನ್ನುವ ಕಡೆಗೇ ಅವರೂ ವಾಲಿದಂತೆ ಕೇಳಿಸಿತು. ಕೊನೆಗೆ, ಮೈದಾನದ ತೀರ್ಪನ್ನು ತಿರುಗಿಸುವಷ್ಟು ಖಚಿತ ಪುರಾವೆ ಇಲ್ಲ ಎಂದರು. ಪಂದ್ಯ ಮುಗಿಯಿತು.

ಇಲ್ಲಿ ಟಿಎಂಒ ಮುಂದಿದ್ದ ಪ್ರಶ್ನೆ ಯಾವುದು ಎಂಬುದನ್ನು ಗಮನಿಸಿ. "ಚೆಂಡು ನೆಲ ಮುಟ್ಟಿತೇ?" ಎಂಬುದಲ್ಲ. "ಮುಟ್ಟಲಿಲ್ಲ ಎಂದು ರೆಫರಿ ಹೇಳಿದ್ದು ತಪ್ಪು ಎಂದು ಸ್ಪಷ್ಟವಾಗಿ ತೋರಿಸುವ ಚಿತ್ರ ನಿನ್ನ ಹತ್ತಿರ ಇದೆಯೇ?" ಎಂಬುದು. ಎರಡೂ ಬೇರೆ ಬೇರೆ ಪ್ರಶ್ನೆಗಳು, ಉತ್ತರಗಳೂ ಬೇರೆಯಾಗಬಹುದು. ಬೆರ್ರಿ ಅವರು "ಟ್ರೈ ಕೊಟ್ಟಿದ್ದೇನೆ, ಬೇಡ ಎನ್ನಲು ಕಾರಣ ಇದ್ದರೆ ಹೇಳು" ಎಂದಿದ್ದರೆ, ಅದೇ ಚಿತ್ರ, ಅದೇ ಮಸುಕು, ಅದೇ ಟಿಎಂಒ, ಆದರೆ ಸ್ಕಾಟ್ಲೆಂಡ್ ಗೆಲ್ಲುತ್ತಿತ್ತು. ಅನುಮಾನದ ಲಾಭ ಯಾರಿಗೆ ಹೋಗಬೇಕು ಎಂಬುದನ್ನು ಮೈದಾನದಲ್ಲಿ ನಿಂತವನ ಮೊದಲ ಮಾತೇ ನಿರ್ಧರಿಸುತ್ತದೆ. ರಗ್ಬಿಯಲ್ಲಿ ವಿಡಿಯೊ ತೀರ್ಪಿನ ಬುಡವೇ ಇದು. ಇದನ್ನು ಬಿಟ್ಟು ಎಷ್ಟು ಸಲ ವಿಡಿಯೊ ನೋಡಿದರೂ ನಿಮಗೆ ಸಿಟ್ಟು ಮಾತ್ರ ಬರುತ್ತದೆ.

ಕ್ರಿಕೆಟ್ ನೋಡುವವರಿಗೆ ಇದು ಹೊಸದೇನಲ್ಲ. ನೆಲದ ಹತ್ತಿರದ ಕ್ಯಾಚುಗಳಿಗೆ ಅಂಪೈರ್ ಮೊದಲು 'ಸಾಫ್ಟ್ ಸಿಗ್ನಲ್' ಕೊಡುತ್ತಿದ್ದ, ಮೂರನೇ ಅಂಪೈರ್‌ಗೆ ಖಚಿತ ಪುರಾವೆ ಸಿಗದಿದ್ದರೆ ಅದೇ ಉಳಿಯುತ್ತಿತ್ತು. ಐಸಿಸಿ ಅದನ್ನು 2023ರ ಜೂನ್‌ನಲ್ಲಿ ತೆಗೆದುಹಾಕಿತು. ರಗ್ಬಿ ಯಾಕೆ ತೆಗೆಯಲಿಲ್ಲ ಎಂದು ಹುಬ್ಬಳ್ಳಿಯ ಇಬ್ಬರು ಕೇಳಿದ್ದಾರೆ. ಕಾರಣ ಸರಳ. ಕ್ಯಾಚು ಹಿಡಿಯುವವನ ಕೈ ಮತ್ತು ಹುಲ್ಲಿನ ನಡುವೆ ಅಡ್ಡ ಬರುವವರು ಯಾರೂ ಇಲ್ಲ. ರಗ್ಬಿಯ ಟ್ರೈ ಹತ್ತು ಹನ್ನೆರಡು ಮೈಗಳ ಅಡಿಯಲ್ಲಿ ಆಗುತ್ತದೆ. ಎಷ್ಟೇ ಕ್ಯಾಮೆರಾ ಇಟ್ಟರೂ ಆ ರಾಶಿಯ ಕೆಳಗೆ ಒಂದೂ ಇಲ್ಲ. ರೆಫರಿ ಮಾತ್ರ ಮಂಡಿ ಊರಿ ಒಂದು ಮೀಟರ್ ದೂರದಿಂದ ನೋಡಿರುತ್ತಾನೆ. ಅಂಥವನ ಕಣ್ಣಿಗೆ ಬೆಲೆ ಇಲ್ಲ ಎಂದರೆ ಅಂಥ ಟ್ರೈಗಳಲ್ಲಿ ಅರ್ಧಕ್ಕೆ ತೀರ್ಪೇ ಇರುವುದಿಲ್ಲ. ಈ ಪದ್ಧತಿಯನ್ನು ಉಳಿಸಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ದಿನ ಸ್ಕಾಟ್ಲೆಂಡಿಗೆ ನೋವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನೊಂದು ಮಾತು. ಚೆಂಡು ನೆಲಕ್ಕೆ ತಾಗಿದ ಮಾತ್ರಕ್ಕೆ ಟ್ರೈ ಆಗುವುದಿಲ್ಲ. ಹಿಡಿದ ಚೆಂಡನ್ನು ಆಟಗಾರ ನೆಲಕ್ಕೆ ಮುಟ್ಟಿಸಬೇಕು, ಇಲ್ಲವೇ ನೆಲದ ಮೇಲಿರುವ ಚೆಂಡನ್ನು ಕೈಯಿಂದಲೋ ತೋಳಿನಿಂದಲೋ ಎದೆ ಹೊಟ್ಟೆಯ ಭಾಗದಿಂದಲೋ ಒತ್ತಬೇಕು. ನಿಮ್ಮ ವಿಡಿಯೊದಲ್ಲಿ ಚೆಂಡು ಹುಲ್ಲಿನ ಹತ್ತಿರ ಕಾಣುತ್ತದೆ, ಸರಿ. ಆ ಕ್ಷಣ ಅದು ಯಾರ ಕೈಯಲ್ಲಿತ್ತು? ಅದೂ ಕಾಣುತ್ತದೆಯೇ? ಹೀಗೆ ಕೇಳಿದಾಗ ಬಹಳ ಜನ ಸುಮ್ಮನಾಗುತ್ತಾರೆ.

ಟಿಎಂಒ ಎಲ್ಲವನ್ನೂ ನೋಡಬಹುದು ಎಂಬುದು ಎರಡನೇ ತಪ್ಪು ತಿಳುವಳಿಕೆ. ಅವನಿಗೆ ಗಡಿ ಇದೆ, ಆ ಗಡಿ ವರ್ಷದಿಂದ ವರ್ಷಕ್ಕೆ ಸರಿಯುತ್ತ ಬಂದಿದೆ. 2001ರಲ್ಲಿ ಈ ವ್ಯವಸ್ಥೆ ಬಂದಾಗ ಅವನ ಕೆಲಸ ಗೋಲು ಗೆರೆಯ ಸುತ್ತಮುತ್ತ ಮಾತ್ರ. ಹಾಗಾಗಿಯೇ 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಕಾರ್ಡಿಫ್‌ನಲ್ಲಿ, ಫ್ರಾನ್ಸಿನ ಟ್ರೈಗೆ ಮುಂಚೆ ಚೆಂಡನ್ನು ಮುಂದಕ್ಕೆ ಎಸೆದದ್ದನ್ನು (ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಬೀಳಿಸುವಂತಿಲ್ಲ) ಇಡೀ ನ್ಯೂಜಿಲೆಂಡ್ ಕಂಡರೂ ಟಿಎಂಒ ಬಾಯಿ ತೆಗೆಯುವಂತಿರಲಿಲ್ಲ. ನ್ಯೂಜಿಲೆಂಡ್ 18-20ರಿಂದ ಸೋತು ಮನೆಗೆ ಹೋಯಿತು. ಅದೇ ವಿಶ್ವಕಪ್ಪಿನ ಫೈನಲ್‌ನಲ್ಲಿ ಇಂಗ್ಲೆಂಡಿನ ಮಾರ್ಕ್ ಕ್ಯೂಟೊ ಮೂಲೆಯಲ್ಲಿ ಚೆಂಡು ಊರಿದಾಗ ಅವನ ಎಡಗಾಲು ಪಕ್ಕದ ಗೆರೆಗೆ ತಾಗಿತ್ತೇ ಎಂಬುದು ಗೋಲು ಗೆರೆಯ ಹತ್ತಿರದ ಪ್ರಶ್ನೆ. ಅದನ್ನು ನೋಡಿ ಟ್ರೈ ಇಲ್ಲ ಎಂದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಲಿಲ್ಲ, ಎರಡೂ ನಿಯಮದ ಪ್ರಕಾರವೇ.

2012ರಿಂದ ಗಡಿಯನ್ನು ಹಿಗ್ಗಿಸಿದರು. ಟ್ರೈಗೆ ಮುಂಚಿನ ಎರಡು ಹಂತದ ಆಟದವರೆಗೆ (ಹಂತ ಎಂದರೆ ಒಬ್ಬನನ್ನು ಹಿಡಿದು ಕೆಡವಿದಲ್ಲಿಂದ ಇನ್ನೊಬ್ಬನನ್ನು ಕೆಡವುವವರೆಗಿನ ಆಟ) ಹಿಂದೆ ಹೋಗಬಹುದು, ಒರಟಾಟವನ್ನೂ ನೋಡಬಹುದು ಎಂದಾಯಿತು. ಆದರೂ ಸಾಮಾನ್ಯ ಪೆನಾಲ್ಟಿ ಒಳಗೆ ಬರಲಿಲ್ಲ. 2015ರ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾ ಎದುರು ಸ್ಕಾಟ್ಲೆಂಡ್ ಒಂದೇ ಅಂಕದಿಂದ, 34-35ರಿಂದ, ಸೋತದ್ದು ಹೀಗೆ. ಕೊನೆಯಲ್ಲಿ ರೆಫರಿ ಕ್ರೇಗ್ ಜೂಬರ್ಟ್ ಆಫ್‌ಸೈಡ್ ಪೆನಾಲ್ಟಿ ಕೊಟ್ಟರು. ಅಲ್ಲಿ ಸ್ಕ್ರಮ್ ಕೊಡಬೇಕಿತ್ತು ಎಂದು ವರ್ಲ್ಡ್ ರಗ್ಬಿ ಸಂಸ್ಥೆಯೇ ಆಮೇಲೆ ಹೇಳಿತು. ಆದರೆ ಅಂಥ ಪೆನಾಲ್ಟಿಯನ್ನು ಟಿಎಂಒ ಹತ್ತಿರ ಕೇಳುವ ಅಧಿಕಾರ ಜೂಬರ್ಟ್‌ಗೆ ಇರಲಿಲ್ಲ ಎಂದೂ ಅದೇ ಸಂಸ್ಥೆ ಹೇಳಿತು. ಪರದೆ ಅಲ್ಲೇ ಇತ್ತು, ಸತ್ಯವೂ ಅದರಲ್ಲೇ ಇತ್ತು, ಕೇಳಲು ದಾರಿ ಇರಲಿಲ್ಲ. ಆ ಮನುಷ್ಯನನ್ನು ಜಗತ್ತೆಲ್ಲ ಬೈದಿತು. ನನಗೆ ಇವತ್ತಿಗೂ ಅದು ನೋವಿನ ಸಂಗತಿ.

ಹಾಗಾದರೆ ಗಡಿಯನ್ನೇ ತೆಗೆದುಬಿಡಿ ಎನ್ನುತ್ತೀರಿ. 2023ರ ವಿಶ್ವಕಪ್ ಫೈನಲ್ ನೋಡಿ. ನ್ಯೂಜಿಲೆಂಡಿನ ಏರನ್ ಸ್ಮಿತ್ ಟ್ರೈ ಮಾಡಿದ. ಟಿಎಂಒ ಟಾಮ್ ಫೋಲಿ ಹಿಂದೆ ಹೋಗಿ, ಲೈನ್‌ಔಟ್‌ನಲ್ಲಿ (ಪಕ್ಕದ ಗೆರೆಯಿಂದ ಚೆಂಡನ್ನು ಒಳಗೆ ಎಸೆಯುವಾಗ) ಆರ್ಡಿ ಸವೇಯ ಕೈಯಿಂದ ಚೆಂಡು ಮುಂದಕ್ಕೆ ತಪ್ಪಿದ್ದನ್ನು ರೆಫರಿ ವೇಯ್ನ್ ಬಾರ್ನ್ಸ್‌ಗೆ ತಿಳಿಸಿದರು. ಟ್ರೈ ರದ್ದಾಯಿತು. ಚೆಂಡು ತಪ್ಪಿದ್ದು ನಿಜ. ಆದರೆ ಅದು ಎರಡು ಹಂತಕ್ಕಿಂತ ಹಿಂದಿನ ಮಾತು. ನ್ಯೂಜಿಲೆಂಡ್ 11-12ರಿಂದ ಸೋತಿತು. 2015ರಲ್ಲಿ ಗಡಿಯೊಳಗೆ ಉಳಿದದ್ದಕ್ಕೆ ಬೈದವರು 2023ರಲ್ಲಿ ಗಡಿ ದಾಟಿದ್ದಕ್ಕೆ ಬೈದರು. ಫೋಲಿಗೆ ಬಂದ ಬೈಗುಳ, ಬೆದರಿಕೆಗಳು ಎಷ್ಟಿದ್ದವೆಂದರೆ ಅವರು ಅಂತರರಾಷ್ಟ್ರೀಯ ಪಂದ್ಯಗಳ ಕೆಲಸವನ್ನೇ ಬಿಟ್ಟರು. ಅವರು ಆ ದಿನ ಹೇಳಿದ್ದು ಕಣ್ಣಿಗೆ ಕಂಡ ನಿಜವನ್ನು. ಫೋನು ಹಿಡಿದು 'ಫಿಕ್ಸಿಂಗ್' ಎಂದು ಬರೆಯುವ ಮುನ್ನ ಇದು ನಿಮ್ಮ ನೆನಪಿನಲ್ಲಿರಲಿ. ನಿಮ್ಮದೂ ಒಂದು ಕಲ್ಲು ಆ ರಾಶಿಗೆ ಬೀಳುತ್ತದೆ.

ಪಂದ್ಯದ ಸಮಯದಲ್ಲಿ ನಡೆದದ್ದೇನು, ಅದಕ್ಕೆ ನಿಯಮ ಯಾವುದು ಎಂದು ತೀರ್ಮಾನಿಸುವವನು ರೆಫರಿ ಒಬ್ಬನೇ. ರಗ್ಬಿ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಟಿಎಂಒ ಅವನ ಸಹಾಯಕ, ಮೇಲಧಿಕಾರಿ ಅಲ್ಲ.

ಪ್ರಶ್ನೆ: ಕ್ರಿಕೆಟ್ಟಿನ ಡಿಆರ್‌ಎಸ್ ಹಂಗ ಕ್ಯಾಪ್ಟನ್‌ಗೆ ಎರಡ್ ರಿವ್ಯೂ ಕೊಟ್ರ ಜಗಳಾ ಮುಗೀತದಲ್ರಿ? (ಕೇಶ್ವಾಪುರ, ಹುಬ್ಬಳ್ಳಿ)

ಮುಗಿಯುವುದಿಲ್ಲ. ರಗ್ಬಿ ಲೀಗ್ ಎಂಬ ಬೇರೆ ಆಟದಲ್ಲಿ, ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಸ್ಪರ್ಧೆಯಲ್ಲಿ, 2020ರಿಂದ ನಾಯಕನಿಗೆ ಆ ಹಕ್ಕು ಇದೆ. ಅಲ್ಲಿಯೂ ಜಗಳ ಇದೆ.

ಪ್ರಶ್ನೆ: ಹಳದಿ ಕಾರ್ಡ್ ತೋರಿಸಿ ಹೊರಗೆ ಕೂಡಿಸಿದ ಮೇಲೆ ಅದನ್ನು ಕೆಂಪು ಮಾಡುವುದು ಅನ್ಯಾಯ ಅಲ್ಲವೇ? (ಗದಗ)

ಅಲ್ಲ. ಆಟ ನಿಲ್ಲಬಾರದು ಎಂದೇ 'ಬಂಕರ್' ಮಾಡಿದ್ದು. ಆಟಗಾರ ಹತ್ತು ನಿಮಿಷ ಹೊರಗೆ ಕೂತಿರುವಾಗ, ಇನ್ನೊಬ್ಬ ಅಧಿಕಾರಿ ಎಂಟು ನಿಮಿಷದೊಳಗೆ ಎಲ್ಲ ಕೋನಗಳಿಂದ ನೋಡಿ ಹಳದಿ ಸಾಕೋ ಕೆಂಪು ಬೇಕೋ ಹೇಳುತ್ತಾನೆ. 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಕೆಂಪಾಯಿತು, ದಕ್ಷಿಣ ಆಫ್ರಿಕಾದ ಸಿಯಾ ಕೊಲಿಸಿಗೆ ಹಳದಿಯೇ ಉಳಿಯಿತು. ಎರಡರಲ್ಲಿ ವ್ಯತ್ಯಾಸ ಏನು ಎಂದು ಕೇಳಿ, ಅದು ಒಳ್ಳೆಯ ಪ್ರಶ್ನೆ. ಕಾರ್ಡು ಬದಲಾಯಿಸಿದ್ದೇ ಅನ್ಯಾಯ ಎನ್ನಬೇಡಿ.

ಪ್ರಶ್ನೆ: ಸ್ಲೋ ಮೋಷನ್‌ನಲ್ಲಿ ನೋಡಿದರೆ ಬೇಕಂತಲೇ ಹೊಡೆದದ್ದು ಗೊತ್ತಾಗುತ್ತದೆ. ರೆಫರಿ ಯಾಕೆ ಮತ್ತೆ ಮಾಮೂಲಿ ವೇಗದಲ್ಲಿ ತೋರಿಸಿ ಅಂತಾರೆ? (ರಾಣೆಬೆನ್ನೂರು)

ನಿಧಾನದಲ್ಲಿ ನೋಡಿದರೆ ಎಲ್ಲವೂ ಬೇಕಂತಲೇ ಮಾಡಿದಂತೆ ಕಾಣುತ್ತದೆ. 2016ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗ ಮಾಡಿ ಇದನ್ನೇ ತೋರಿಸಿದ್ದಾರೆ. ತಾಗಿದ್ದು ಭುಜಕ್ಕೋ ತಲೆಗೋ ಎಂದು ತಿಳಿಯಲು ನಿಧಾನ ಬೇಕು. ಪೆಟ್ಟಿನ ಬಲ ಅಳೆಯಲು ನಿಜವಾದ ವೇಗವೇ ಬೇಕು.

ಪ್ರಶ್ನೆ: ಪಾಸ್ ಕೊಟ್ಟಾಗ ಚೆಂಡು ಮೂರ್ನಾಲ್ಕು ಮೀಟರ್ ಮುಂದ ಹೋಗಿದ್ದು ಮೈದಾನದ ಗೆರೆ ನೋಡಿದ್ರ ಗೊತ್ತಾಕ್ಕತಿ. ನಾನು ಸ್ಕ್ರೀನ್ ಮ್ಯಾಲ ಸ್ಕೇಲ್ ಇಟ್ಟು ನೋಡೇನಿ. ಟಿಎಂಒ 'ಸರಿ ಐತಿ' ಅಂದ. ಇದಕ್ಕೇನಂತೀರಿ? (ಬೆಟಗೇರಿ)

ಸ್ಕೇಲನ್ನು ಒಳಗಿಡಿ. ಮುಂದಕ್ಕೆ ಎಸೆದದ್ದು ಎನ್ನಬೇಕಾದರೆ, ಎಸೆಯುವವನ ಕೈಗಳು ಎದುರಾಳಿಯ ತುದಿಗೆರೆಯ ಕಡೆ ಚಲಿಸಿರಬೇಕು. ಚೆಂಡು ಎಲ್ಲಿ ಬಿತ್ತು ಎಂಬುದು ಅಳತೆಯಲ್ಲ.

ಚಿಗರಿ ಬಸ್ಸು ನವಲೂರು ದಾಟಿ ಜೋರಾಗಿ ಓಡುವಾಗ ಒಳಗೆ ನಿಂತು ನಾಣ್ಯ ಮೇಲೆ ಚಿಮ್ಮಿ. ಅದು ನಿಮ್ಮ ಕೈಗೇ ಬೀಳುತ್ತದೆ. ರಸ್ತೆ ಬದಿ ನಿಂತವನ ಲೆಕ್ಕದಲ್ಲಿ ಅದೇ ನಾಣ್ಯ ಎಷ್ಟೋ ಮೀಟರ್ ಧಾರವಾಡದ ಕಡೆ ಹೋಗಿರುತ್ತದೆ. ಓಡುವ ಆಟಗಾರನ ಚೆಂಡಿಗೂ ಅವನ ಓಟದ ವೇಗ ಅಂಟಿಕೊಂಡಿರುತ್ತದೆ. ಲೆಕ್ಕ ಹಾಕಿ ನೋಡಿ: ಅವನು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಪಕ್ಕದವನಿಗೆ ಎಸೆಯುವಾಗ ಕೈಯಿಂದ ಸೆಕೆಂಡಿಗೆ 2 ಮೀಟರಿನಷ್ಟು ಹಿಂದಕ್ಕೇ ತಳ್ಳುತ್ತಾನೆ. ಚೆಂಡು 0.8 ಸೆಕೆಂಡ್ ಗಾಳಿಯಲ್ಲಿರುತ್ತದೆ. 7ರಲ್ಲಿ 2 ಕಳೆದರೆ 5, ಅದನ್ನು 0.8ರಿಂದ ಗುಣಿಸಿದರೆ 4. ಅಂದರೆ ಹಿಂದಕ್ಕೆ ಎಸೆದ ಚೆಂಡನ್ನು ಇನ್ನೊಬ್ಬ ಹಿಡಿಯುವುದು ಎಸೆದ ಜಾಗಕ್ಕಿಂತ ನಾಲ್ಕು ಮೀಟರ್ ಮುಂದೆ. ಪಾಸು ಶುದ್ಧವಾಗಿದೆ.

ನಿಮ್ಮ ಕಣ್ಣು ಮೋಸ ಹೋಗುವುದು ಎಸೆದ ಕೂಡಲೇ ಅವನನ್ನು ಟ್ಯಾಕಲ್ ಮಾಡಿ ಕೆಡವಿದಾಗ. ಅವನು ಓಡುತ್ತಲೇ ಇದ್ದಿದ್ದರೆ 5.6 ಮೀಟರ್ ಮುಂದೆ ಇರುತ್ತಿದ್ದ, ಚೆಂಡು ಅವನ ಹಿಂದೆಯೇ ಕಾಣುತ್ತಿತ್ತು. ಅವನು ಬಿದ್ದ, ಚೆಂಡು ಮಾತ್ರ ಸಾಗಿತು, ನಿಮಗೆ ಮುಂದಕ್ಕೆ ಎಸೆದಂತೆ ಕಂಡಿತು. ಅದರ ಮೇಲೆ ಕ್ಯಾಮೆರಾ ಓರೆಯಾಗಿ ನಿಂತಿದ್ದರೆ ಗೆರೆಗಳೂ ಓರೆ. ಇಂಥ ಪಾಸುಗಳಿಗೆ ಕೆಂಪು ಗೆರೆ ಎಳೆದು 'ಸಾಕ್ಷಿ' ಎಂದು ಯೂಟ್ಯೂಬಿಗೆ ಹಾಕುವವರಿಗೆ ನಿಯಮ ಪುಸ್ತಕದ ಒಂದು ಪುಟವೂ ಗೊತ್ತಿಲ್ಲ. ಅವರ ಮಾತು ಕೇಳಿ ಮಕ್ಕಳಿಗೆ ಆಟ ಕಲಿಸಬೇಡಿ. ಹಾಗೆ ಕಲಿತ ಹುಡುಗರು ಓಟ ನಿಧಾನ ಮಾಡಿ ಪಾಸ್ ಕೊಡುತ್ತಾರೆ, ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಪ್ರಶ್ನೆ: ನಮ್ಮ ಯುವಕ ಮಂಡಳದಿಂದ ಸೆವೆನ್ಸ್ (ಏಳೇಳು ಜನರ ರಗ್ಬಿ) ಟೂರ್ನಮೆಂಟ್ ಮಾಡ್ತಾ ಇದೀವಿ. ನಾಲ್ಕು ಕ್ಯಾಮೆರಾ ಹಾಕಿ 'ಎಐ ರೆಫರಿ' ಸಿಸ್ಟಮ್ ಕೊಡ್ತೀನಿ ಅಂತ ಒಬ್ಬರು ಬಂದಾರ. ಇಲ್ಲಾಂದ್ರ ಮೊಬೈಲ್ ವಿಡಿಯೊನರ ನೋಡಬಹುದಾ? (ನವಲಗುಂದ)

ಎರಡೂ ಬೇಡ. ಆ ಮನುಷ್ಯನನ್ನು ಇವತ್ತೇ ವಾಪಸ್ ಕಳಿಸಿ. ವಿಶ್ವಕಪ್ಪಿನಲ್ಲಿ ಅಷ್ಟು ಕ್ಯಾಮೆರಾ, ಅಷ್ಟು ತಂತ್ರಜ್ಞರು ಇದ್ದೂ ಕೊನೆಗೆ ಮನುಷ್ಯರೇ ತೀರ್ಪು ಕೊಡುತ್ತಾರೆ. ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿ ಯಂತ್ರವೇ ಟ್ರೈ ಹೇಳುತ್ತದೆ ಎನ್ನುವವನು ನಿಮ್ಮ ಚಂದಾ ಹಣದ ಮೇಲೆ ಕಣ್ಣಿಟ್ಟಿದ್ದಾನೆ, ಅಷ್ಟೇ.

ಮೊಬೈಲಿನ ವಿಷಯ. ಸಾಮಾನ್ಯ ಫೋನು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಒಂದು ಚಿತ್ರದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ 33 ಸೆಂಟಿಮೀಟರ್ ಹೋಗಿರುತ್ತದೆ. ಗೆರೆ ಮುಟ್ಟಿತೋ ಇಲ್ಲವೋ ಎಂಬ ಜಗಳ ಇರುವುದು ಎರಡು ಮೂರು ಸೆಂಟಿಮೀಟರಿನಲ್ಲಿ. ಅದೂ ವಿಡಿಯೊ ಮಾಡಿದವರು ಯಾರು? ಒಂದು ತಂಡದ ಹುಡುಗನ ಅಣ್ಣ. ತಮ್ಮ ತಂಡಕ್ಕೆ ಅನುಕೂಲ ಇದ್ದದ್ದನ್ನು ತೋರಿಸುತ್ತಾರೆ, ಉಳಿದದ್ದನ್ನು ತೋರಿಸುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ನಮ್ಮ ಟೂರ್ನಮೆಂಟುಗಳಲ್ಲಿ ಸೀಟಿ ಹಿಡಿದವರು ಬಹಳ ಸಲ ಹತ್ತೊಂಬತ್ತು ಇಪ್ಪತ್ತರ ಹುಡುಗರು, ಹುಡುಗಿಯರು. ಒಮ್ಮೆ ಫೋನು ನೋಡಿ ತೀರ್ಪು ಬದಲಾಯಿಸಿದರೆ ಮುಗಿಯಿತು, ಮುಂದಿನ ಸೀಟಿಗೆ ಇಪ್ಪತ್ತು ಫೋನು ಅವರ ಮುಖದ ಮುಂದೆ ಇರುತ್ತವೆ. ಮುಂದಿನ ವರ್ಷ ಅವರು ಸೀಟಿ ಹಿಡಿಯುವುದಿಲ್ಲ. ಈ ಜಿಲ್ಲೆಯಲ್ಲಿ ರಗ್ಬಿ ರೆಫರಿಗಳು ಮೊದಲೇ ಕಡಿಮೆ, ಇದ್ದವರನ್ನು ಓಡಿಸಬೇಡಿ.

ಆ ದುಡ್ಡನ್ನು ಹೀಗೆ ಬಳಸಿ. ಪ್ರತಿ ಪಂದ್ಯಕ್ಕೆ ಎರಡೂ ಪಕ್ಕದ ಗೆರೆಗೆ ಯಾವ ತಂಡಕ್ಕೂ ಸೇರದ ಟಚ್ ಜಡ್ಜ್‌ಗಳನ್ನು ಇಡಿ, ಊಟ ಮತ್ತು ಬಸ್ ಚಾರ್ಜು ಕೊಡಿ. ಗೆರೆಗಳನ್ನು ಸುಣ್ಣದಲ್ಲಿ ದಪ್ಪಗೆ ಎಳೆಸಿ, ಮಧ್ಯಾಹ್ನ ಇನ್ನೊಮ್ಮೆ ಎಳೆಸಿ. ಗೋಲು ಗೆರೆ ಹತ್ತಿರ ಆಟ ಬಂದಾಗ ರೆಫರಿ ರಾಶಿಯ ಹಿಂದೆ ನಿಲ್ಲದೆ ಗೆರೆಯ ಆ ಕಡೆ ಹೋಗಿ ಬಗ್ಗಿ ನೋಡುವುದನ್ನು ಅಭ್ಯಾಸ ಮಾಡಿಸಿ. ವರ್ಲ್ಡ್ ರಗ್ಬಿಯ 'ರಗ್ಬಿ ರೆಡಿ' ಪಾಠ ಅಂತರ್ಜಾಲದಲ್ಲಿ ಉಚಿತವಾಗಿದೆ, ಆಯೋಜಕರೂ ತರಬೇತುದಾರರೂ ಮುಗಿಸಿಕೊಂಡೇ ಬರಲಿ. ವಿಡಿಯೊ ಮಾಡಬೇಡಿ ಎನ್ನುತ್ತಿಲ್ಲ. ಮಾಡಿ, ಆದರೆ ಪಂದ್ಯದ ಮಾರನೇ ದಿನ ರೆಫರಿ ಜೊತೆ ಕೂತು ಎಲ್ಲಿ ನಿಂತಿದ್ದರೆ ಚೆನ್ನಾಗಿ ಕಾಣುತ್ತಿತ್ತು ಎಂದು ನೋಡಿ.

ಪ್ರಶ್ನೆ: ನನ್ನ ಮಗನಿಗೆ ಟ್ಯಾಕಲ್‌ನಲ್ಲಿ ತಲೆಗೆ ಪೆಟ್ಟಾಯಿತು. ವಿಡಿಯೊದಲ್ಲಿ ಅಷ್ಟೇನೂ ಜೋರಾಗಿ ಕಾಣಲಿಲ್ಲ ಎಂದು ಕೋಚ್ ಮತ್ತೆ ಆಡಿಸಿದರು. ಸರಿಯೇ? (ವಿದ್ಯಾನಗರ, ಹುಬ್ಬಳ್ಳಿ)

ತಪ್ಪು. ಬಹಳ ದೊಡ್ಡ ತಪ್ಪು. ಈ ಪತ್ರ ಓದಿ ನನಗೆ ನಿದ್ದೆ ಬರಲಿಲ್ಲ ತಾಯಿ.

ದೊಡ್ಡ ಪಂದ್ಯಗಳಲ್ಲಿ ವಿಡಿಯೊದ ಅತ್ಯಂತ ಒಳ್ಳೆಯ ಉಪಯೋಗ ಇದೇ. ರೆಫರಿಗೆ ಕಾಣದ ತಲೆಪೆಟ್ಟನ್ನು ವೈದ್ಯರು ಪರದೆಯಲ್ಲಿ ಹುಡುಕಿ ಆಟಗಾರನನ್ನು ಹೊರಗೆ ಕರೆಸುತ್ತಾರೆ. ಹುಡುಕುವುದು ಹೊರಗೆ ಕರೆಸಲು. ಒಳಗೆ ಬಿಡಲು ವಿಡಿಯೊ ಸಾಕ್ಷಿ ಆಗುವುದಿಲ್ಲ. ಪೆಟ್ಟು ಸಣ್ಣದಾಗಿ ಕಂಡರೂ ಮೆದುಳು ಅಲುಗಿರಬಹುದು. ಕ್ಯಾಮೆರಾ ತಲೆಯೊಳಗೆ ನೋಡುವುದಿಲ್ಲ. ಶಾಲೆ, ಕ್ಲಬ್ಬಿನ ಮಟ್ಟದಲ್ಲಿ ನಿಯಮ ಒಂದೇ: ಅನುಮಾನ ಬಂದ ತಕ್ಷಣ ಹೊರಗೆ, ಆ ದಿನ ಮತ್ತೆ ಆಟ ಇಲ್ಲ.

ಮಗನಿಗೆ ತಲೆನೋವು, ವಾಂತಿ, ಮಂಪರು, ಮರೆವು, ಬೆಳಕು ತಡೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಬೆಳಿಗ್ಗೆತನಕ ಕಾಯಬೇಡಿ, ಈಗಲೇ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಏನೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಅವರು ಬರೆದುಕೊಡುವ ತನಕ ಅವನು ಮೈದಾನಕ್ಕೆ ಇಳಿಯಬಾರದು, ಅಭ್ಯಾಸಕ್ಕೂ. ಕೋಚ್ ಒತ್ತಾಯ ಮಾಡಿದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ, ಮಗನ ಕೈ ಹಿಡಿದು ಮನೆಗೆ ಕರೆದುಕೊಂಡು ಬನ್ನಿ.